ಒಂದು ಗಂಟೆಯ ರಾಜಕುಮಾರ

ತೊಂಬತ್ತರ ದಶಕದಲ್ಲಿ ಮೊದಲ ಬಾರಿಗೆ ಕಂಪ್ಯೂಟರಿನ ಕೀಲಿಮಣೆ ಮುಟ್ಟಿದ ನಾಲ್ಕು ಮಂದಿ ಇಂದು ಒಂದೆಡೆ ಸೇರಿದರೆ, ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುವುದುಂಟು. ಆಗ ಆಡಿದ ಆಟಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?

ಒಬ್ಬರು ಮಾರಿಯೋ ಎನ್ನುತ್ತಾರೆ. ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ, ಅದರೊಳಗೆ ತುರುಕುವ ಕ್ಯಾಸೆಟ್, ಅದು ಓಡದಿದ್ದರೆ ಹೊರತೆಗೆದು ಬಾಯಿಂದ ಉಫ್ ಎಂದು ಊದುವುದು, ಎಲ್ಲವೂ ಅವರಿಗೆ ನೆನಪಿದೆ. ಇನ್ನೊಬ್ಬರಿಗೆ ಮೇಲಿಂದ ಬೀಳುವ ಇಟ್ಟಿಗೆಗಳ ಟೆಟ್ರಿಸ್ ಬಿಟ್ಟರೆ ಬೇರೆಯದು ಆಟವೇ ಅಲ್ಲ. ಮೂರನೆಯವರು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ಆಡಿದ ಡೇವ್‌ನ ಪರ. ನಾಲ್ಕನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರಿನ್ಸ್’ ಎನ್ನುತ್ತಾರೆ. ಪೂರ್ತಿ ಹೆಸರು ‘ಪ್ರಿನ್ಸ್ ಆಫ್ ಪರ್ಷಿಯಾ’. ಪರ್ಷಿಯಾದ ರಾಜಕುಮಾರ.

ರುಚಿ ಒಬ್ಬೊಬ್ಬರದು ಒಂದೊಂದು, ಇದರಲ್ಲಿ ವಾದಿಸುವುದೇನಿದೆ ಎಂದು ಕೇಳಬಹುದು. ಆದರೆ ರುಚಿಯ ಹಿಂದೆಯೂ ಕಾರಣಗಳಿರುತ್ತವೆ. ಒಂದು ಆಟ ಮನಸ್ಸಿನಲ್ಲಿ ಮೂವತ್ತು ವರ್ಷ ಉಳಿದಿದೆ ಎಂದರೆ, ಅದನ್ನು ಮಾಡಿದವರು ಎಲ್ಲೋ ಒಂದು ಕಡೆ ಸರಿಯಾದ ತೀರ್ಮಾನ ತೆಗೆದುಕೊಂಡಿದ್ದಾರೆ ಎಂದೇ ಅರ್ಥ. ‘ಪ್ರಿನ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹೇಗೆ ಹುಟ್ಟಿತು, ಏಕೆ ಇಷ್ಟವಾಯಿತು, ಮತ್ತು ಹೇಗೆ ಕಳೆದುಹೋಗುವ ಅಂಚಿಗೆ ಹೋಗಿ ಬಂದಿತು ಎಂಬುದನ್ನು ತಿಳಿದರೆ, ಉಳಿದ ಮೂವರ ವಾದವೂ ಹೆಚ್ಚು ಸ್ಪಷ್ಟವಾಗುತ್ತದೆ.

ಜಿಗಿತದ ಲೆಕ್ಕ

ಆಟ ಆಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಬಹುದು. ಪರ್ಷಿಯಾದ ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ಮಂತ್ರಿ ಜಾಫರ್ ರಾಜ್ಯವನ್ನು ಕೈವಶ ಮಾಡಿಕೊಂಡು, ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಡುತ್ತಾನೆ. ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಅವಳ ಪ್ರಿಯಕರ ಅರಮನೆಯ ನೆಲಮಾಳಿಗೆಯಲ್ಲಿ ಸೆರೆಯಾಗಿದ್ದಾನೆ. ಅವನ ಕೈಯಲ್ಲಿ ಕತ್ತಿ ಕೂಡ ಇಲ್ಲ. ಆಡುವವರು ಅವನನ್ನು 12 ಹಂತಗಳನ್ನು ದಾಟಿಸಿ 60 ನಿಮಿಷಗಳೊಳಗೆ ಅವಳ ಬಳಿಗೆ ಮುಟ್ಟಿಸಬೇಕು. ಎಷ್ಟು ಬಾರಿ ಸತ್ತರೂ ಆ ಹಂತದ ಆರಂಭದಿಂದ ಮತ್ತೆ ಶುರು ಮಾಡಬಹುದು. ಆದರೆ ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ಕಥೆ ಹಳೆಯದೇ. ‘ಅರೇಬಿಯನ್ ನೈಟ್ಸ್’ ಓದಿದವರಿಗೆ ಪರಿಚಿತವಾದದ್ದೇ. ಹಾಗಾದರೆ ಹೊಸತೇನು? ಹೊಸತು ಇದ್ದದ್ದು ಆ ಹುಡುಗನ ಮೈಯಲ್ಲಿ.

ಇಲ್ಲಿ ಮಾರಿಯೋನೊಂದಿಗೆ ಹೋಲಿಸಿ ನೋಡಬೇಕು. ಜಪಾನಿನ ಶಿಗೆರು ಮಿಯಾಮೊಟೊ ನೇತೃತ್ವದಲ್ಲಿ ನಿಂಟೆಂಡೊ ಸಂಸ್ಥೆ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ, ನೆಗೆದ ಮೇಲೂ ಮಾರಿಯೋನನ್ನು ಗಾಳಿಯಲ್ಲೇ ಹಿಂದಕ್ಕೆ ಮುಂದಕ್ಕೆ ತಿರುಗಿಸಬಹುದು. ತಪ್ಪಾಗಿ ನೆಗೆದರೂ ತಿದ್ದಿಕೊಳ್ಳಲು ಅವಕಾಶವಿದೆ. ಮಕ್ಕಳಿಗೆ ಕನಸಿನಲ್ಲಿ ಹಾರಿದಂತೆ ಅನಿಸುವುದು ಇದರಿಂದಲೇ. ಮಾರಿಯೋ ಪರ ವಾದಿಸುವವರು ‘ಕೈಗೆ ಹಿತವಾಗಿದೆ’ ಎನ್ನುವುದು ಸುಳ್ಳಲ್ಲ.

ರಾಜಕುಮಾರನಿಗೆ ಈ ಸೌಲಭ್ಯವಿಲ್ಲ. ಓಡಲು ಶುರು ಮಾಡಿದರೆ ಥಟ್ಟನೆ ನಿಲ್ಲಲಾರ, ಒಂದೆರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ನೆಗೆದನೆಂದರೆ ನೆಗೆದದ್ದೇ, ನಡುವೆ ಮನಸ್ಸು ಬದಲಾಯಿಸುವಂತಿಲ್ಲ. ಎರಡು ಅಂತಸ್ತಿನಷ್ಟು ಎತ್ತರದಿಂದ ಬಿದ್ದರೆ ಪೆಟ್ಟಾಗುತ್ತದೆ, ಮೂರು ಅಂತಸ್ತಿನಿಂದ ಬಿದ್ದರೆ ಪ್ರಾಣವೇ ಹೋಗುತ್ತದೆ. ಮುಳ್ಳುಗಳ ನಡುವೆ ಓಡಿದರೆ ಸಾವು. ಒಂದೊಂದೇ ಹೆಜ್ಜೆ ಎಚ್ಚರದಿಂದ ಇಟ್ಟರೆ ದಾಟಬಹುದು. ಗೋಡೆಯ ಅಂಚು ಹಿಡಿದು ನೇತಾಡುತ್ತಾನೆ, ಮೈಯ ಭಾರವನ್ನೆಲ್ಲ ತೋಳಿನ ಮೇಲೆ ಹಾಕಿ ಮೇಲಕ್ಕೇರುತ್ತಾನೆ.

ಹೀಗೆ ಮೊದಲ ಬಾರಿಗೆ ಪರದೆಯ ಮೇಲಿನ ಗೊಂಬೆಗೆ ತೂಕ ಬಂತು. ಅವನು ಬಿದ್ದಾಗ ಆಡುವವರ ಎದೆ ಝಲ್ಲೆನ್ನುತ್ತಿದ್ದುದು ಇದರಿಂದಲೇ. ಇದು ಕಷ್ಟದ ಆಟ, ಹೊಸಬರಿಗೆ ಕರುಣೆ ತೋರದ ಆಟ ಎಂಬ ಆಕ್ಷೇಪವೂ ಇದೆ. ಆದರೆ ಅದನ್ನು ಮೆಚ್ಚುವವರು ಮೆಚ್ಚುವುದು ಆ ಕಾರಣಕ್ಕೇ.

ತಮ್ಮನ ಓಟ

ಈ ತೂಕ ಎಲ್ಲಿಂದ ಬಂತು? ಒಬ್ಬ ನಿಜವಾದ ಹುಡುಗನಿಂದ.

ಆಟವನ್ನು ರಚಿಸಿದ ಜೋರ್ಡನ್ ಮೆಕ್ನರ್ ಹುಟ್ಟಿದ್ದು 1964ರಲ್ಲಿ, ನ್ಯೂಯಾರ್ಕಿನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ‘ಕರಾಟೆಕಾ’ ಎಂಬ ಆಟ ಬರೆದರು. ಕ್ಯಾಲಿಫೋರ್ನಿಯಾದ ಬ್ರೋಡರ್‌ಬಂಡ್ ಎಂಬ ಕಂಪನಿ ಅದನ್ನು 1984ರಲ್ಲಿ ಪ್ರಕಟಿಸಿತು, ಅದು ಚೆನ್ನಾಗಿ ಮಾರಾಟವೂ ಆಯಿತು. ಮುಂದಿನ ಆಟಕ್ಕೆ ಅವರು ಕೈಯಿಂದ ಚಿತ್ರ ಬಿಡಿಸುವುದನ್ನು ನೆಚ್ಚಿಕೊಳ್ಳಲಿಲ್ಲ. 1985ರಲ್ಲಿ ಒಂದು ವಿಡಿಯೊ ಕ್ಯಾಮೆರಾ ಹಿಡಿದು, ಹದಿಹರೆಯದ ತಮ್ಮ ಡೇವಿಡ್‌ನನ್ನು ಬಿಳಿ ಬಟ್ಟೆಯಲ್ಲಿ ಒಂದು ವಾಹನ ನಿಲುಗಡೆಯ ಜಾಗಕ್ಕೆ ಕರೆದುಕೊಂಡು ಹೋದರು. ಓಡಿಸಿದರು, ನೆಗೆಸಿದರು, ಗೋಡೆ ಹತ್ತಿಸಿದರು. ಎಲ್ಲವನ್ನೂ ಚಿತ್ರೀಕರಿಸಿದರು.

ಮುಂದಿನದು ತಾಳ್ಮೆಯ ಕೆಲಸ. ಟೇಪನ್ನು ಒಂದೊಂದೇ ಚೌಕಟ್ಟಿಗೆ ನಿಲ್ಲಿಸಿ, ಟಿ.ವಿ. ಪರದೆಯ ಫೋಟೊ ತೆಗೆದು, ಆ ಫೋಟೊಗಳ ಮೇಲೆ ಕಪ್ಪು ಶಾಯಿ ಮತ್ತು ಬೆರಳಚ್ಚಿನ ತಪ್ಪು ಅಳಿಸುವ ಬಿಳಿ ದ್ರವದಿಂದ ಮೈಯ ಆಕಾರವನ್ನು ತಿದ್ದಿ, ಅದನ್ನು ಕಂಪ್ಯೂಟರಿಗೆ ಸೇರಿಸುತ್ತಿದ್ದರು. ಚಿತ್ರೀಕರಿಸಿದ ಚಲನೆಯನ್ನು ಹೀಗೆ ಗೆರೆಗಿಳಿಸುವ ವಿಧಾನಕ್ಕೆ ರೋಟೊಸ್ಕೋಪಿಂಗ್ ಎಂದು ಹೆಸರು. ಸಿನಿಮಾದವರಿಗೆ ಇದು ಬಹಳ ಹಿಂದಿನಿಂದಲೇ ಗೊತ್ತಿತ್ತು. ಮನೆಯ ಕಂಪ್ಯೂಟರಿನ ಆಟಕ್ಕೆ ಇಷ್ಟು ಶ್ರದ್ಧೆಯಿಂದ ಅದನ್ನು ಬಳಸಿದವರು ವಿರಳ.

ಕತ್ತಿವರಸೆಗೆ ಅವರು ನೆಚ್ಚಿಕೊಂಡದ್ದು 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರವನ್ನು. ಅದರ ಕೊನೆಯ ಕಾಳಗದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಕೆಲವೇ ಕ್ಷಣ ಪಕ್ಕದಿಂದ ಪೂರ್ಣವಾಗಿ ಕಾಣಿಸುತ್ತಾರೆ. ಆ ಕೆಲವು ಕ್ಷಣಗಳೇ ಆಟದ ಕತ್ತಿವರಸೆಗೆ ಆಧಾರವಾದವು. ಸಂಗೀತವನ್ನು ಮೆಕ್ನರ್ ಅವರ ತಂದೆ ಫ್ರಾನ್ಸಿಸ್ ಸಂಯೋಜಿಸಿದರು. ಅವರು ವೃತ್ತಿಯಿಂದ ಮನಶ್ಶಾಸ್ತ್ರಜ್ಞರು. ತಮ್ಮನ ಮೈ, ತಂದೆಯ ರಾಗ, ಅಣ್ಣನ ಲೆಕ್ಕಾಚಾರ: ಒಂದು ಅರ್ಥದಲ್ಲಿ ಇದು ಮನೆಯವರೆಲ್ಲ ಸೇರಿ ಮಾಡಿದ ಆಟ.

ಜಾಗವಿಲ್ಲದಾಗ ಹುಟ್ಟಿದ ನೆರಳು

ಮೆಕ್ನರ್ ಆಟವನ್ನು ಬರೆದದ್ದು ಆಪಲ್-2 ಎಂಬ ಕಂಪ್ಯೂಟರಿಗೆ. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೊ ಕೂಡ ಆ ಯಂತ್ರದ ಸ್ಮರಣೆಯಲ್ಲಿ ಹಿಡಿಯುವುದಿಲ್ಲ. ತಮ್ಮನ ಚಲನೆಯ ಚಿತ್ರಗಳೇ ಆ ಜಾಗವನ್ನೆಲ್ಲ ನುಂಗಿಹಾಕಿದ್ದವು. ಶತ್ರುಗಳನ್ನು ಸೇರಿಸಲು ಎಡೆಯೇ ಇರಲಿಲ್ಲ. ಆದ್ದರಿಂದ ಮೊದಲಿಗೆ ಅವರ ಯೋಜನೆಯಲ್ಲಿ ಕಾಳಗವೇ ಇರಲಿಲ್ಲ. ಬಲೆ, ಬಾಗಿಲು, ಗುಂಡಿಗಳನ್ನು ದಾಟುವುದಷ್ಟೇ ಆಟವಾಗಿತ್ತು.

ಇಷ್ಟೇ ಆದರೆ ಬೇಸರ, ಎದುರಾಳಿ ಬೇಕು ಎಂದು ಜೊತೆಗಿದ್ದ ಗೆಳತಿಯೊಬ್ಬರು ಪಟ್ಟುಹಿಡಿದರು. ಜಾಗವಿಲ್ಲದೆ ಎದುರಾಳಿಯನ್ನು ತರುವುದು ಹೇಗೆ? ಇದ್ದ ಚಿತ್ರವನ್ನೇ ಮತ್ತೆ ಬಳಸುವುದೊಂದೇ ದಾರಿ. ರಾಜಕುಮಾರನ ಚಿತ್ರವನ್ನು ತುಸು ಪಕ್ಕಕ್ಕೆ ಸರಿಸಿ ಅದರ ಮೇಲೆಯೇ ಕೂರಿಸಿ, ಎರಡೂ ಒಂದೇ ಆಗಿರುವ ಕಡೆ ಅಳಿಸಿಹಾಕಿದರೆ, ಹೊಳೆಯುವ ಅಂಚಿನ ಒಂದು ಭೂತದಂಥ ಆಕೃತಿ ಮೂಡುತ್ತದೆ. ಹೊಸ ಚಿತ್ರ ಒಂದೂ ಬೇಕಿಲ್ಲ. ಹೀಗೆ ಹುಟ್ಟಿದವನೇ ನೆರಳಿನ ಮನುಷ್ಯ. ಆ ಮೇಲೆ ಅಲ್ಲಿ ಇಲ್ಲಿ ಜಾಗ ಉಳಿಸಿ ಕಾವಲುಗಾರರನ್ನೂ ಸೇರಿಸಿದರು.

ಆಡಿದವರು ಇಂದಿಗೂ ಮರೆಯದಿರುವುದು ಈ ನೆರಳನ್ನೇ. ನಾಲ್ಕನೆಯ ಹಂತದಲ್ಲಿ ದಾರಿಗಡ್ಡವಾಗಿ ಒಂದು ಕನ್ನಡಿ ಬರುತ್ತದೆ. ಓಡಿಬಂದು ಅದನ್ನು ತೂರಿ ನೆಗೆಯುವುದೊಂದೇ ದಾರಿ. ನೆಗೆದಾಗ ಕನ್ನಡಿಯ ಇನ್ನೊಂದು ಬದಿಯಿಂದ ಅವನ ಪ್ರತಿಬಿಂಬ ಹೊರಬಿದ್ದು ಓಡಿಹೋಗುತ್ತದೆ. ಅದರೊಂದಿಗೆ ರಾಜಕುಮಾರನ ಶಕ್ತಿಯೂ ಸೋರಿಹೋಗುತ್ತದೆ. ಮುಂದಿನ ಹಂತದಲ್ಲಿ ಆ ನೆರಳು ಅವನು ಕುಡಿಯಬೇಕಾದ ಔಷಧವನ್ನು ತಾನು ಕುಡಿಯುತ್ತದೆ. ಅದರ ಮುಂದಿನ ಹಂತದಲ್ಲಿ ಅವನ ಮುಖದ ಮೇಲೆಯೇ ಬಾಗಿಲು ಮುಚ್ಚುತ್ತದೆ.

ಹನ್ನೆರಡನೆಯ ಹಂತದಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಆಡುವವರು ಸಹಜವಾಗಿಯೇ ಕತ್ತಿ ಬೀಸುತ್ತಾರೆ. ನೆರಳಿಗೆ ಪೆಟ್ಟು ಬಿದ್ದೊಡನೆ ತಮಗೂ ಪೆಟ್ಟು! ನೆರಳನ್ನು ಕೊಂದರೆ ತಾವೂ ಸಾಯುತ್ತಾರೆ. ಎಷ್ಟೋ ಮಂದಿ ಇಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡದ್ದುಂಟು. ಪರಿಹಾರ ಸರಳ. ಕತ್ತಿಯನ್ನು ಒರೆಗೆ ಹಾಕಬೇಕು. ಆಗ ನೆರಳೂ ಕತ್ತಿ ಇಳಿಸುತ್ತದೆ, ಇಬ್ಬರೂ ಒಂದಾಗುತ್ತಾರೆ, ಮುಂದೆ ಏನೂ ಇಲ್ಲದ ಕಡೆ ಓಡಿದರೆ ಕಾಲ ಕೆಳಗೆ ನೆಲ ಮೂಡುತ್ತದೆ. ಯಾರೂ ಉಪದೇಶ ಮಾಡುವುದಿಲ್ಲ. ಒಂದು ಮಾತೂ ಪರದೆಯ ಮೇಲೆ ಬರುವುದಿಲ್ಲ. ತನ್ನನ್ನೇ ಕೊಂದು ಗೆಲ್ಲಲಾಗದು ಎಂಬುದನ್ನು ಹನ್ನೆರಡು ವರ್ಷದ ಹುಡುಗನೂ ತಾನಾಗಿ ಕಂಡುಕೊಳ್ಳುತ್ತಾನೆ.

ಸ್ಮರಣೆಯಲ್ಲಿ ಜಾಗ ಬೇಕಾದಷ್ಟು ಇದ್ದಿದ್ದರೆ ಈ ನೆರಳು ಹುಟ್ಟುತ್ತಿತ್ತೆ? ಬಹುಶಃ ಇಲ್ಲ. ಬಡತನದಿಂದ ಜಾಣತನ ಹುಟ್ಟಿದ್ದು ಈ ಒಂದು ಆಟದಲ್ಲಿ ಮಾತ್ರವಲ್ಲ. ಮಾರಿಯೋ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮಾಸ್ಕೋದಲ್ಲಿ 1984ರಲ್ಲಿ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ಬರೆದಾಗ, ಅವರ ಎಲೆಕ್ಟ್ರಾನಿಕಾ-60 ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅವರು ಇಟ್ಟಿಗೆಗಳನ್ನು ಆವರಣ ಚಿಹ್ನೆಗಳಿಂದ ಕಟ್ಟಿದರು. ನಾಲ್ಕು ಚೌಕಗಳ ಏಳು ಆಕಾರ, ಒಂದು ನಿಯಮ, ಅಷ್ಟೆ. ಕಥೆಯಿಲ್ಲ, ನಾಯಕನಿಲ್ಲ. ಮುಗಿಯುವುದೂ ಇಲ್ಲ ಎಂದು ತಿಳಿಯಲಾಗಿತ್ತು. ಆದರೆ ಆಟ ಮುಂದುವರಿಯಲಾಗದೆ ತಾನೇ ಸ್ತಬ್ಧವಾಗುವ ಘಟ್ಟದವರೆಗೆ ನಿಂಟೆಂಡೊ ಟೆಟ್ರಿಸ್ ಆಡಿದ ಮೊದಲಿಗನಾಗಿ ಅಮೆರಿಕದ 13 ವರ್ಷದ ಹುಡುಗನೊಬ್ಬ 2023ರ ಡಿಸೆಂಬರಿನಲ್ಲಿ ಹೆಸರು ಮಾಡಿದ. ಟೆಟ್ರಿಸ್ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತಡವಾಗಿ ಬಂದ ಗೆಲುವು

ತಮ್ಮನನ್ನು ಓಡಿಸಿ ಚಿತ್ರ ತೆಗೆದ ದಿನದಿಂದ ಆಟ ಅಂಗಡಿಗೆ ಬರುವವರೆಗೆ ನಾಲ್ಕು ವರ್ಷ ಹಿಡಿಯಿತು. ನಡುವೆ ಮೆಕ್ನರ್ ಅವರಿಗೆ ಸಿನಿಮಾ ಚಿತ್ರಕಥೆ ಬರೆಯುವ ಹಂಬಲ. ಒಂದಷ್ಟು ಕಾಲ ಆಟವನ್ನು ಬದಿಗಿಟ್ಟದ್ದೂ ಉಂಟು. ಆ ದಿನಗಳಲ್ಲಿ ಬರೆದ ದಿನಚರಿಯನ್ನು ಅವರು 2011ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದಾರೆ. ಬಿಡಬೇಕೋ ಮುಗಿಸಬೇಕೋ ಎಂಬ ತೊಳಲಾಟ ಅದರ ಉದ್ದಕ್ಕೂ ಇದೆ.

ಕೊನೆಗೆ 1989ರಲ್ಲಿ ಆಟ ಹೊರಬಂದಾಗ ಆಪಲ್-2 ಕಂಪ್ಯೂಟರಿನ ಕಾಲವೇ ಮುಗಿಯುತ್ತ ಬಂದಿತ್ತು. ವಿಮರ್ಶಕರು ಮೆಚ್ಚಿದರು, ಕೊಳ್ಳುವವರು ಮಾತ್ರ ಕಡಿಮೆ. ಆಟವನ್ನು ಬದುಕಿಸಿದ್ದು ಬೇರೆ ಯಂತ್ರಗಳಿಗಾಗಿ ಮಾಡಿದ ಆವೃತ್ತಿಗಳು. 1990ರಲ್ಲಿ ಐ.ಬಿ.ಎಂ. ಮಾದರಿಯ ಪಿ.ಸಿ.ಗೆ, ಅದೇ ಸುಮಾರಿಗೆ ಜಪಾನ್ ಮತ್ತು ಯುರೋಪಿನ ಯಂತ್ರಗಳಿಗೆ, 1992ರಲ್ಲಿ ಮ್ಯಾಕಿಂಟಾಷ್‌ಗೆ. ಅಲ್ಲಿಂದ ಅದು ಜಗತ್ತನ್ನು ಸುತ್ತಿತು.

ಕರ್ನಾಟಕಕ್ಕೆ ಬಂದದ್ದು ಈ ಪಿ.ಸಿ. ಆವೃತ್ತಿ. ಬಂದ ದಾರಿ ಮಾತ್ರ ಅಂಗಡಿಯದಲ್ಲ. ಇಡೀ ಆಟ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಕಂಪ್ಯೂಟರ್ ತರಬೇತಿ ಕೇಂದ್ರ, ಕಾಲೇಜಿನ ಲ್ಯಾಬ್, ಬ್ಯಾಂಕಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪ, ಹೀಗೆ ಕೈಯಿಂದ ಕೈಗೆ ನಕಲಾಗುತ್ತ ಸಾಗಿತು. ಕಂಪನಿ ಇದನ್ನು ತಡೆಯಲು ಒಂದು ಉಪಾಯ ಮಾಡಿತ್ತು. ಮೊದಲ ಹಂತ ಮುಗಿದ ಮೇಲೆ ಅಕ್ಷರ ಬರೆದ ಔಷಧದ ಕುಪ್ಪಿಗಳ ಕೋಣೆ ಬರುತ್ತದೆ. ಯಾವ ಅಕ್ಷರದ ಕುಪ್ಪಿ ಕುಡಿಯಬೇಕು ಎಂಬುದು ಆಟದ ಜೊತೆ ಕೊಡುವ ಕೈಪಿಡಿಯಲ್ಲಿ ಮಾತ್ರ ಇರುತ್ತಿತ್ತು. ಆದರೆ ಓಡಾಡುತ್ತಿದ್ದ ನಕಲುಗಳಲ್ಲಿ ಈ ತಡೆಯನ್ನು ಯಾರೋ ಮೊದಲೇ ಮುರಿದಿರುತ್ತಿದ್ದರು. ಆಟ ಶುರುಮಾಡುವಾಗ ಹೆಸರಿನ ಮುಂದೆ ‘ಮೆಗಾಹಿಟ್’ ಎಂದು ಸೇರಿಸಿ ಟೈಪ್ ಮಾಡಿದರೆ ಹಂತಗಳನ್ನು ಹಾರಿಸಿಕೊಂಡು ಹೋಗಬಹುದು ಎಂಬ ಗುಟ್ಟೂ ಬಾಯಿಂದ ಬಾಯಿಗೆ ಹಬ್ಬಿತು. ಇಂಗ್ಲಿಷ್ ಸರಿಯಾಗಿ ಬಾರದ ಮಕ್ಕಳಿಗೂ ಆ ಒಂದು ಪದದ ಕಾಗುಣಿತ ತಪ್ಪುತ್ತಿರಲಿಲ್ಲ.

ನಕಲು ಮಾಡುವುದು ಕಾನೂನಿಗೆ ವಿರುದ್ಧ, ಅದರಿಂದ ಆಟ ಬರೆದವರಿಗೆ ಬಿಡಿಗಾಸೂ ಬರಲಿಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಡೇವ್, ಪ್ರಿನ್ಸ್ ಮೊದಲಾದ ಆಟಗಳು ನಮ್ಮ ಊರುಗಳನ್ನು ತಲುಪಿದ ದಾರಿ ಅದೇ ಎಂಬುದೂ ನಿಜ.

ಅಪ್ಪನ ಮನೆಯ ಪೆಟ್ಟಿಗೆ

ಎರಡು ಸಾವಿರದ ಹೊತ್ತಿಗೆ ರಾಜಕುಮಾರ ದೊಡ್ಡ ವ್ಯವಹಾರವೇ ಆಗಿದ್ದ. 2003ರಲ್ಲಿ ಯೂಬಿಸಾಫ್ಟ್ ಕಂಪನಿ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ಹೊಸ ಆಟ ತಂದಿತು. ತಪ್ಪಿ ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದಾದ ಆಟ ಅದು. 2010ರಲ್ಲಿ ಡಿಸ್ನಿ ಸಿನಿಮಾ ಬಂತು. ಆದರೆ ಈ ಎಲ್ಲದಕ್ಕೂ ಬೇರಾದ 1989ರ ಮೂಲ ಬರಹ ಎಲ್ಲಿದೆ ಎಂಬುದು ಸ್ವತಃ ಮೆಕ್ನರ್ ಅವರಿಗೇ ಗೊತ್ತಿರಲಿಲ್ಲ!

ಮೂಲ ಬರಹ ಎಂದರೇನು ಎಂಬುದನ್ನು ಇಲ್ಲಿ ವಿವರಿಸಬೇಕು. ಅಂಗಡಿಯಲ್ಲಿ ಮಾರುವ ಆಟದಲ್ಲಿ ಇರುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕೆಗಳು. ಮನುಷ್ಯರು ಓದಬಹುದಾದ ರೂಪದಲ್ಲಿ, ಟಿಪ್ಪಣಿಗಳ ಸಮೇತ ಬರೆದ ಆದೇಶಗಳೇ ಮೂಲ ಬರಹ. ಮೊದಲಿನದು ತಟ್ಟೆಯಲ್ಲಿರುವ ಹುಳಿ, ಎರಡನೆಯದು ಅದನ್ನು ಮಾಡುವ ವಿಧಾನ. ಹುಳಿ ಉಂಡವರು ಲಕ್ಷಾಂತರ ಮಂದಿ. ವಿಧಾನ ಬರೆದಿಟ್ಟ ಚೀಟಿ ಕಳೆದುಹೋಗಿತ್ತು.

2012ರ ಮಾರ್ಚ್ ತಿಂಗಳಲ್ಲಿ ಮೆಕ್ನರ್ ಅವರ ತಂದೆ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಮಗನಿಗೆ ಕಳಿಸಿದರು. ಅದರೊಳಗೆ ಮೂರೂವರೆ ಅಂಗುಲದ ಫ್ಲಾಪಿಗಳು. ಅವುಗಳ ಮೇಲೆ ಮಗನದೇ ಕೈಬರಹದಲ್ಲಿ ಆಟದ ಹೆಸರು, ಮೂಲ ಬರಹ ಎಂಬ ಗುರುತು, ಇಸವಿ 1989.

ಸಿಕ್ಕಿದ್ದೇನೋ ಸಿಕ್ಕಿತು, ಓದುವುದು ಹೇಗೆ? ಫ್ಲಾಪಿ ಎಂದರೆ ಕಾಂತದ ಲೇಪವಿರುವ ತೆಳು ಪ್ಲಾಸ್ಟಿಕ್ ಬಿಲ್ಲೆ. ವರ್ಷಗಳು ಕಳೆದಂತೆ ಆ ಕಾಂತಶಕ್ತಿ ಕ್ಷೀಣಿಸುತ್ತದೆ, ಲೇಪ ಏಳುತ್ತದೆ, ತೇವವಿದ್ದರೆ ಬೂಸ್ಟು ಹಿಡಿಯುತ್ತದೆ. ತಪ್ಪಾದ ಯಂತ್ರಕ್ಕೆ ಹಾಕಿದರೆ ಇದ್ದದ್ದೂ ಗೀರಿಹೋಗಬಹುದು. ಹಳೆಯ ಆಪಲ್ ಯಂತ್ರಗಳನ್ನು ಜೋಪಾನ ಮಾಡಿಟ್ಟುಕೊಂಡಿದ್ದ ಟೋನಿ ಡಯಾಜ್ ಮತ್ತು ಡಿಜಿಟಲ್ ಸಂಗ್ರಹಕಾರ ಜೇಸನ್ ಸ್ಕಾಟ್ ಏಪ್ರಿಲ್ ತಿಂಗಳಲ್ಲಿ ತಮ್ಮ ಸಲಕರಣೆಗಳೊಂದಿಗೆ ಮೆಕ್ನರ್ ಅವರ ಮನೆಗೆ ಬಂದರು. ಒಂದೊಂದಾಗಿ ಫ್ಲಾಪಿಗಳನ್ನು ಓದಿಸಿದರು. 23 ವರ್ಷ ಹಳೆಯ ಬರಹ ಇಡಿಯಾಗಿ ಸಿಕ್ಕಿತು. ಮೆಕ್ನರ್ ಅದನ್ನು ಬಚ್ಚಿಡಲಿಲ್ಲ. ಯಾರು ಬೇಕಾದರೂ ಓದಿ ಕಲಿಯಲೆಂದು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ನೆರಳಿನ ಮನುಷ್ಯನನ್ನು ಹೇಗೆ ಕಟ್ಟಿದರು ಎಂಬುದನ್ನು ಇಂದು ಯಾವ ವಿದ್ಯಾರ್ಥಿಯಾದರೂ ಅದರಲ್ಲಿ ನೋಡಬಹುದು.

ಉಳಿಯುವುದು ಯಾವುದು?

ಎಲ್ಲ ಆಟಗಳಿಗೂ ಈ ಅದೃಷ್ಟವಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ಒಂದೋ ಹಳೆಯ ಯಂತ್ರವನ್ನೇ ಹುಡುಕಿ ತರಬೇಕು, ಇಲ್ಲವೇ ಕಳ್ಳದಾರಿ ಹಿಡಿಯಬೇಕು.

ನಮ್ಮ ಹಳೆಯ ಆಟಗಳಿಗೆ ಈ ತೊಂದರೆ ಇರಲಿಲ್ಲ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಅಳಗುಳಿಮಣೆಗೆ ಬೇಕಾದದ್ದು ಕೆಲವು ಗುಳಿ, ಒಂದು ಹಿಡಿ ಹುಣಸೆಬೀಜ. ಚೌಕಾಬಾರಕ್ಕೆ ನಾಲ್ಕು ಕವಡೆ, ಒಂದು ಸೀಮೆಸುಣ್ಣ. ನಿಯಮ ಅಜ್ಜಿಯ ತಲೆಯಲ್ಲಿ ಇದ್ದರೆ ಆಟ ಇದ್ದಂತೆಯೇ. ಮಣೆ ಮುರಿದರೆ ನೆಲದಲ್ಲಿ ಗುಳಿ ತೋಡಿದರಾಯಿತು. ಕಂಪ್ಯೂಟರ್ ಆಟ ಹಾಗಲ್ಲ. ಅದರ ಜೀವ ಯಂತ್ರದಲ್ಲಿ, ಫ್ಲಾಪಿಯಲ್ಲಿ, ಓದಬಲ್ಲ ಬರಹದಲ್ಲಿ ಹಂಚಿಹೋಗಿದೆ. ಒಂದು ಕೊಂಡಿ ಕಳಚಿದರೂ, ಎಷ್ಟು ಮಂದಿ ಪ್ರೀತಿಸಿದ್ದರೂ ಪ್ರಯೋಜನವಿಲ್ಲ.

ಆಟದ ವಿಷಯ ಇದು ಎಂದು ತಳ್ಳಿಹಾಕುವಂತಿಲ್ಲ. ಅದೇ ತೊಂಬತ್ತರ ದಶಕದಲ್ಲಿ ಕನ್ನಡದಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಕಥೆ, ಪ್ರಬಂಧ, ಊರಹಬ್ಬದ ಸ್ಮರಣ ಸಂಚಿಕೆಗಳು ಇಂಥದ್ದೇ ಫ್ಲಾಪಿಗಳಲ್ಲಿ, ಇಂದಿನ ಯಂತ್ರಗಳು ಗುರುತಿಸದ ಅಕ್ಷರ ವಿನ್ಯಾಸಗಳಲ್ಲಿ ಕುಳಿತಿವೆ. ಕರಾವಳಿಯ, ಮಲೆನಾಡಿನ ತೇವದಲ್ಲಿ ಅವುಗಳ ಆಯುಷ್ಯ ಇನ್ನೂ ಕಡಿಮೆ. ಮೆಕ್ನರ್ ಅವರ ತಂದೆ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದರೆ ಯಾರೂ ಅವರನ್ನು ಬೈಯುತ್ತಿರಲಿಲ್ಲ. ಹಾಕಲಿಲ್ಲ ಎಂಬುದೇ ವಿಶೇಷ.

ಮಾರಿಯೋ ದೊಡ್ಡದೋ, ಟೆಟ್ರಿಸ್ ದೊಡ್ಡದೋ, ಡೇವೋ, ಪ್ರಿನ್ಸೋ ಎಂಬ ವಾದ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ವಾದ ಅರ್ಥಪೂರ್ಣವಾಗಬೇಕಾದರೆ, ‘ಹಾಗಾದರೆ ಆಡಿ ತೋರಿಸು’ ಎಂದು ಮಗಳು ಕೇಳಿದಾಗ ತೋರಿಸಲು ಆಟ ಇರಬೇಕು. ಈ ಬಾರಿ ಹಬ್ಬಕ್ಕೆ ಮನೆ ಗುಡಿಸುವಾಗ ಅಟ್ಟದ ಮೇಲೆ ಫ್ಲಾಪಿಗಳ ಡಬ್ಬಿಯೊಂದು ಸಿಕ್ಕರೆ, ಎಸೆಯುವ ಮೊದಲು ಅದರ ಮೇಲೆ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡುವುದು ಒಳ್ಳೆಯದು.